ಗುಜರಿಯವರು ಬೇಡ ಅನ್ನುವ ಪ್ಲಾಸ್ಟಿಕ್ಕೇ ಕಡಲಿಗೆ ಹೋಗುತ್ತದೆ: ಮನೆಯಲ್ಲಿ ಮೊದಲು ಯಾವುದನ್ನು ಬಿಡೋಣ?

ಅಳಿವೆಬಾಗಿಲು, ಉಡುಪಿ

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಡಿಬೆಂಗ್ರೆ ಹತ್ತಿರ. ಸ್ವರ್ಣಾ, ಸೀತಾ ಎರಡೂ ನದಿ ಕಡಲು ಸೇರುವ ಜಾಗ. ಮಳೆಗಾಲದ ಮೊದಲ ದೊಡ್ಡ ನೆರೆ ಇಳಿದ ಮೇಲೆ ದಡಕ್ಕೆ ಹೋದರೆ ಮೇಲಿನ ಊರುಗಳ ಕಸವೆಲ್ಲ ಉದ್ದಕ್ಕೂ ಸಾಲಾಗಿ ಬಿದ್ದಿರುತ್ತದೆ. ಈ ಸಲ ಹೆಕ್ಕುವಾಗ ಬಗೆಬಗೆಯಾಗಿ ರಾಶಿ ಹಾಕಿ ನೋಡಿದೆವು. ಶಾಂಪೂ ಸ್ಯಾಶೆ, ಚಿಪ್ಸ್ ಮತ್ತು ಬಿಸ್ಕತ್ತಿನ ಕವರು, ಗುಟ್ಕಾ ಚೀಟಿ, ಬಾಟಲಿ ಮುಚ್ಚಳ, ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ, ತೆಳು ಕ್ಯಾರಿಬ್ಯಾಗು, ಥರ್ಮಾಕೋಲಿನ ಚೂರು, ಬಲೆ ತುಂಡು, ಚಪ್ಪಲಿ. ಚಪ್ಪಲಿ ಯಾವಾಗಲೂ ಒಂಟಿ, ಅದು ಯಾಕೋ ಗೊತ್ತಿಲ್ಲ.

ಇಲ್ಲದ್ದನ್ನೂ ಗಮನಿಸಿ. ಎಣ್ಣೆ ಕ್ಯಾನ್ ಇಲ್ಲ. ಬಕೆಟ್ ಇಲ್ಲ, ಕೊಡ ಇಲ್ಲ. ನೀರಿನ ಬಾಟಲಿ ಇದ್ದವು, ಆದರೆ ಮುಚ್ಚಳದ ಲೆಕ್ಕಕ್ಕೆ ತೀರಾ ಕಡಿಮೆ. ಇವಕ್ಕೆಲ್ಲ ಗುಜರಿಯಲ್ಲಿ ದುಡ್ಡು ಸಿಗುತ್ತದೆ, ಅದಕ್ಕೆ. ರಸ್ತೆ ಬದಿ ಎಸೆದರೂ ಯಾರಾದರೂ ಹೆಕ್ಕಿಕೊಂಡು ಹೋಗುತ್ತಾರೆ. ಶಾಂಪೂ ಸ್ಯಾಶೆಯನ್ನು ಯಾರು ಹೆಕ್ಕುತ್ತಾರೆ? ಒಂದು ಕಿಲೋ ಆಗಬೇಕಾದರೆ ರಾಶಿ ರಾಶಿ ಬೇಕು, ಹೆಕ್ಕಿದರೂ ಕೊಳ್ಳುವವರಿಲ್ಲ. ಒಂದು ಪದರ ಪ್ಲಾಸ್ಟಿಕ್, ನಡುವೆ ಅಲ್ಯೂಮಿನಿಯಂ, ಮೇಲೆ ಇನ್ನೊಂದು ಬಗೆಯ ಪ್ಲಾಸ್ಟಿಕ್. ಅದನ್ನು ಬಿಡಿಸಿ ಕರಗಿಸುವ ಖರ್ಚು ಯಾರಿಗೂ ಗಿಟ್ಟಲ್ಲ. ಹಾಗಾಗಿ ಚರಂಡಿಗೆ, ಚರಂಡಿಯಿಂದ ತೋಡಿಗೆ, ತೋಡಿನಿಂದ ಹೊಳೆಗೆ.

ಪ್ಲಾಸ್ಟಿಕ್ ಕಡಿಮೆ ಮಾಡಿ ಅಂದ ಕೂಡಲೇ ಜನ ಅಡುಗೆಮನೆಯ ಡಬ್ಬಿಗಳನ್ನು ಬಿಸಾಡಿ ಗಾಜಿನ ಡಬ್ಬಿ ಕೊಳ್ಳಲು ಹೊರಡುತ್ತಾರೆ. ಹತ್ತು ವರ್ಷ ಬಾಳುವ ಡಬ್ಬಿ ಕಡಲಿಗೆ ಬರಲ್ಲ ಮಾರಾಯ್ರೆ. ಗುಜರಿಯವರು ಬೇಡ ಅನ್ನುವುದನ್ನು ಮೊದಲು ಬಿಡಬೇಕು ಅಂತ ನನ್ನ ವಾದ. ನಿಮ್ಮ ಮನೆಯಲ್ಲಿ ಅಂಥದ್ದು ಯಾವುದು ಜಾಸ್ತಿ? ಏನು ಮಾಡಿದಿರಿ?

ಪೀಣ್ಯಮೋಲ್ಡರ್, ಬೆಂಗಳೂರು

ಮುಚ್ಚಳದ ವಿಷಯಕ್ಕೆ ಇನ್ನೊಂದು ಕಾರಣ ಇದೆ ಮೇಡಂ. ನಾನು ಮೋಲ್ಡಿಂಗ್ ಕೆಲಸದವನು. ನೀರಿನ ಬಾಟಲಿ ಪೆಟ್ ಅನ್ನುವ ಪ್ಲಾಸ್ಟಿಕ್ಕಿನದ್ದು. ಮುಚ್ಚಳ ಎಚ್‌ಡಿಪಿಇ ಅಥವಾ ಪಿಪಿ ಅನ್ನುವ ಬೇರೆ ಬಗೆಯ ಪ್ಲಾಸ್ಟಿಕ್ಕಿನದ್ದು. ಪೆಟ್ ನೀರಿಗಿಂತ ಭಾರ, ಉಳಿದ ಎರಡೂ ನೀರಿಗಿಂತ ಹಗುರ. ಬೇಕಾದರೆ ಬಾಟಲಿಯ ಒಂದು ಚೂರು ಕತ್ತರಿಸಿ, ಮುಚ್ಚಳದ ಜೊತೆ ಬಕೆಟ್ ನೀರಿಗೆ ಹಾಕಿ ಒಮ್ಮೆ ಒಳಗೆ ಅದುಮಿ ಬಿಡಿ. ಚೂರು ತಳಕ್ಕೆ ಹೋಗುತ್ತದೆ, ಮುಚ್ಚಳ ಮೇಲೆ ಬರುತ್ತದೆ. ಮುಚ್ಚಳ ಕಳಚಿದ ಬಾಟಲಿಗೆ ನೀರು ತುಂಬಿಕೊಂಡರೂ ಅಷ್ಟೇ, ಮುಳುಗುತ್ತದೆ. ಹಾಗಾಗಿ ದಡದಲ್ಲಿ ಕಾಣದ ಬಾಟಲಿಯೆಲ್ಲ ಗುಜರಿ ಸೇರಿತು ಅಂತ ತಿಳಿಯಬೇಡಿ. ಒಂದಷ್ಟು ಹೊಳೆಯ ಹೂಳಿನಲ್ಲೇ ಕೂತಿರುತ್ತವೆ.

ಹಾಲಿನ ಪ್ಯಾಕೆಟ್ಟು, ಕ್ಯಾರಿಬ್ಯಾಗು ತೇಲುವ ಜಾತಿ. ನೈಲಾನ್ ಮುಳುಗುವ ಜಾತಿ.

ನಿಮ್ಮ ಗುಜರಿ ಲೆಕ್ಕ ಮಾತ್ರ ಒಪ್ಪುತ್ತೇನೆ. 1950ರಿಂದ 2015ರವರೆಗೆ ಪ್ರಪಂಚದಲ್ಲಿ ತಯಾರಾದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್. ಅದರಲ್ಲಿ ಕಸವಾದದ್ದರ ಪೈಕಿ ಮರುಬಳಕೆಗೆ ಹೋಗಿದ್ದು ಶೇ. 9 ಮಾತ್ರ. ಮರುಬಳಕೆ ಅಂತ ತ್ರಿಕೋನ ಗುರುತು ಹಾಕಿದ ಮಾತ್ರಕ್ಕೆ ಯಾರೂ ಅದನ್ನು ಕೊಂಡುಕೊಳ್ಳಲ್ಲ.

ಬೆಣ್ಣೆದೋಸೆ, ದಾವಣಗೆರೆ

ಎಲ್ಲ ಸರಿ ರೀ. ನಮ್ಮೂರಿಂದ ಕಡಲು ನೋಡಬೇಕಂದ್ರೆ ಒಂದು ರಾತ್ರಿ ಬಸ್ಸಿನಲ್ಲಿ ಕೂರಬೇಕು. ಪ್ಲಾಸ್ಟಿಕ್ ತಿಂದು ಸಾಯೋ ಕಡಲಾಮೆಗೂ ನನಗೂ ಏನು ಸಂಬಂಧ? ಇಲ್ಲಿ ಕಸಕ್ಕೆ ಬೆಂಕಿ ಹಾಕ್ತಾರೆ, ಆ ಹೊಗೆ ಬಗ್ಗೆ ಮೊದಲು ಮಾತಾಡಿ.

ಅಳಿವೆಬಾಗಿಲು, ಉಡುಪಿ

ಹೊಗೆಯ ಮಾತು ಒಪ್ಪಿದೆ ಸರ್. ಆದರೆ ನಿಮ್ಮೂರ ನೀರು ಎಲ್ಲಿಗೆ ಹೋಗುತ್ತದೆ ನೋಡಿ. ಕರ್ನಾಟಕದ ಬಹುಪಾಲು ಊರುಗಳ ನೀರು ನಮ್ಮ ಕಡೆ ಬರಲ್ಲ, ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹರಿಹರ ದಾಟಿದ ತುಂಗಭದ್ರೆ ಕೃಷ್ಣೆ ಸೇರಿ, ಆಂಧ್ರದ ಹಂಸಲದೀವಿ ಹತ್ತಿರ ಕಡಲಿಗೆ. ಆ ಅಳಿವೆಯ ದಡದಲ್ಲೂ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುತ್ತವೆ. ಬೆಂಗಳೂರಿನ ವೃಷಭಾವತಿ ಅರ್ಕಾವತಿ ಮೂಲಕ ಕಾವೇರಿಗೆ. ಬೆಳ್ಳಂದೂರು, ವರ್ತೂರು ಕೆರೆಯ ನೀರು ದಕ್ಷಿಣ ಪಿನಾಕಿನಿ ಹಿಡಿದು ತಮಿಳುನಾಡಿನ ಕಡಲೂರಿನ ಕಡೆಗೆ. ನಡುವೆ ಅಣೆಕಟ್ಟುಗಳಿವೆ, ಎಲ್ಲ ಕಸವೂ ದಾಟಲ್ಲ, ಅದೂ ನಿಜ.

ಇನ್ನೊಂದು. ಕಡಲಿನ ಪ್ಲಾಸ್ಟಿಕ್ಕೆಲ್ಲ ಪ್ರಪಂಚದ ಹತ್ತು ದೊಡ್ಡ ನದಿಗಳಿಂದ ಬರುತ್ತದೆ ಅಂತ ವಾಟ್ಸಾಪಿನಲ್ಲಿ ಓಡಾಡುವುದು ಹಳೆಯ ಅಂದಾಜು. 2021ರಲ್ಲಿ ಬಂದ ಅಧ್ಯಯನದ ಪ್ರಕಾರ, ನದಿಗಳಿಂದ ಬರುವುದರಲ್ಲಿ ಶೇ. 80 ಪಾಲು ಸಾವಿರಕ್ಕೂ ಹೆಚ್ಚು ನದಿಗಳದ್ದು. ಊರ ನಡುವೆ ಹರಿಯುವ ಸಣ್ಣ ಹೊಳೆಗಳ ಪಾಲೇ ಅದರಲ್ಲಿ ದೊಡ್ಡದು. ನಮ್ಮ ಪಶ್ಚಿಮದ ನದಿಗಳು ಗಿಡ್ಡ. ಘಟ್ಟದಲ್ಲಿ ಎಸೆದದ್ದು ಬೇಗ ಕಡಲು ಮುಟ್ಟುತ್ತದೆ.

ಬೆಣ್ಣೆದೋಸೆ, ದಾವಣಗೆರೆ

ಸರಿ ಬಿಡಿ, ಆಮೆ ನೆಂಟ ಅಂತ ಒಪ್ಕೊಂಡೆ. ಆದರೆ ನಮ್ಮ ಕಡೆ ಕಣ್ಣೆದುರಿಗೆ ಸಾಯೋದು ದನ. ನಮ್ಮ ಚಿಕ್ಕಪ್ಪನ ಹಸು ಮೇವು ಬಿಟ್ಟಿತು, ಎಡ ಹೊಟ್ಟೆ ಉಬ್ಬಿ ಗಟ್ಟಿಯಾಗಿತ್ತು. ಡಾಕ್ಟರು ನಿಲ್ಲಿಸಿಕೊಂಡೇ ಎಡಪಕ್ಕೆ ಕೊಯ್ದು, ಭುಜದವರೆಗೆ ಕೈ ಹಾಕಿ ತೆಗೆದರು. ಕವರು, ಹಗ್ಗ, ಗೋಣಿದಾರ, ಎಲ್ಲ ಒಂದಕ್ಕೊಂದು ಹೆಣೆದುಕೊಂಡು ಜಡೆಯಾಗಿತ್ತು. ಎಳೆದಷ್ಟೂ ಬರುತ್ತಲೇ ಇತ್ತು. ಒಂದು ಕವರಿನ ಗಂಟು ಇನ್ನೂ ಬಿಚ್ಚಿರಲಿಲ್ಲ.

ಆ ಗಂಟೇ ಮುಖ್ಯ. ಉಳಿದ ಅನ್ನ ಸಾರು ಕವರಿಗೆ ಹಾಕಿ, ಗಂಟು ಹಾಕಿ ಎಸೀತಾರೆ. ದನಕ್ಕೆ ವಾಸನೆ ಬರುತ್ತೆ, ಬಿಚ್ಚೋಕೆ ಕೈ ಇಲ್ಲ. ಗಂಟು ಸಮೇತ ನುಂಗುತ್ತೆ. ಅದಕ್ಕೇ ನಮ್ಮ ಓಣಿಯಲ್ಲಿ ಹೇಳೋದು ಒಂದೇ ಮಾತು: ಎಂಜಲನ್ನು ಕವರಲ್ಲಿ ಕಟ್ಟಬೇಡಿ, ಬಕೆಟ್ಟಿಗೆ ಹಾಕಿ ಗಾಡಿಗೆ ಕೊಡಿ. ಗಾಡಿ ಬರದ ದಿನ ಏನು ಮಾಡೋದು ಅಂತ ಮಾತ್ರ ಕೇಳಬೇಡಿ.

ಕೈರಂಪಣಿ, ಹೊನ್ನಾವರ

ಆಮೆಗೂ ವಾಸನೆಯೇ ಮೋಸ. ಕವರನ್ನು ಲೋಳೆಮೀನು (ಜೆಲ್ಲಿಫಿಶ್) ಅಂತ ತಿಳಿದು ತಿನ್ನುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ಕಥೆ. 2020ರಲ್ಲಿ ಅಮೆರಿಕದ ವಿಜ್ಞಾನಿಗಳು ಲಾಗರ್‌ಹೆಡ್ ಆಮೆಗಳಿಗೆ ಬೇರೆ ಬೇರೆ ವಾಸನೆ ಬಿಟ್ಟು ನೋಡಿದರು. ತೊಳೆದ ಪ್ಲಾಸ್ಟಿಕ್ಕಿಗೆ ತಿರುಗಿಯೂ ನೋಡಲಿಲ್ಲ. ಕಡಲಲ್ಲಿ ನೆನೆದು ಪಾಚಿ ಕಟ್ಟಿದ ಪ್ಲಾಸ್ಟಿಕ್ಕಿನ ವಾಸನೆಗೆ ಮಾತ್ರ, ಊಟದ ವಾಸನೆಗೆ ಮಾಡಿದ ಹಾಗೇ ಮೂಗು ಮೇಲೆತ್ತಿದವು.

ನಮ್ಮ ಕಾಸರಕೋಡು ಟೊಂಕದ ಮರಳಿನಲ್ಲಿ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಬಂದು ಮೊಟ್ಟೆ ಇಡುತ್ತದೆ. ಒರಿಸ್ಸಾದ ಹಾಗೆ ಲಕ್ಷಗಟ್ಟಲೆ ಬರಲ್ಲ, ಒಂದೊಂದಾಗಿ ರಾತ್ರಿ ಬರುತ್ತವೆ. ಪಕ್ಕದ ಬೀಚಿಗೆ 2020ರಲ್ಲಿ ಸ್ವಚ್ಛ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅಲ್ಲಿ ದಿನಾ ಗುಡಿಸುತ್ತಾರೆ. ಗಡಿ ದಾಟಿದರೆ ಗುಡಿಸುವವರಿಲ್ಲ. ಆಮೆಗೆ ಬೋರ್ಡ್ ಓದಲು ಬರಲ್ಲ ತಾನೆ.

ಈಗ ನಮ್ಮವರ ವಿಷಯಕ್ಕೂ ಬರುತ್ತೇನೆ, ಯಾರೂ ಕೋಪ ಮಾಡಬೇಡಿ. ಬಲೆ ತುಂಡನ್ನು ಅಕ್ಕ ಪಟ್ಟಿಯ ಕೊನೆಗೆ ಬರೆದಿದ್ದಾರೆ. ಪ್ರಾಣಿ ಕೊಲ್ಲುವುದರಲ್ಲಿ ಅದೇ ಮೊದಲು. ನಮ್ಮ ಅಜ್ಜನ ಕಾಲದ ಬಲೆ ನೂಲಿನದ್ದು. ಮರದ ತೊಗಟೆ ಕುದಿಸಿದ ನೀರಲ್ಲಿ ಅದ್ದಿ ಒಣಗಿಸುತ್ತಿದ್ದರು, ಆದರೂ ಕೊಳೆಯುತ್ತಿತ್ತು. ನೈಲಾನ್ ಬಂದ ಮೇಲೆ ಆ ರಗಳೆ ಹೋಯಿತು. ಕೊಳೆಯಲ್ಲ ಅಂತಲೇ ಎಲ್ಲರೂ ಕೊಂಡರು. ಕಡಲಲ್ಲಿ ಕಳೆದುಹೋದರೂ ಅದು ಕೊಳೆಯಲ್ಲ. ಯಾರೂ ಎಳೆಯದಿದ್ದರೂ ಹಿಡಿಯುತ್ತಲೇ ಇರುತ್ತದೆ.

ಮಾಲ್ಡೀವ್ಸಿನಲ್ಲಿ ಟ್ಯೂನಾವನ್ನು ಗಾಳ ಹಾಕಿ ಹಿಡಿಯುತ್ತಾರೆ, ದೊಡ್ಡ ಬಲೆ ಬಿಡುವುದಿಲ್ಲ. ಆದರೂ ಬಲೆಗೆ ಸಿಕ್ಕಿ ಕಾಲು ಕೊಯ್ದುಹೋದ ಆಲಿವ್ ರಿಡ್ಲೆಗಳು ಅಲ್ಲಿ ಸಿಗುತ್ತಲೇ ಇರುತ್ತವೆ. ಆ ಬಲೆಗಳು ಸುತ್ತಮುತ್ತಲ ದೇಶಗಳಿಂದ ಮಾನ್ಸೂನಿನ ಪ್ರವಾಹದಲ್ಲಿ ತೇಲಿ ಹೋದವು. ನಮ್ಮ ಕಡೆಯವೂ ಅದರಲ್ಲಿ ಇರಬಹುದು.

ಅಳಿವೆಬಾಗಿಲು, ಉಡುಪಿ

ಅಣ್ಣಾ, ಕೋಪ ಯಾಕೆ? ಇದನ್ನು ನೀವೇ ಹೇಳಿದ್ದು ಒಳ್ಳೆಯದಾಯಿತು. ಬೋಟಿನವರು ಬಲೆಯಲ್ಲಿ ಬಂದ ಪ್ಲಾಸ್ಟಿಕ್ಕನ್ನು ಏನು ಮಾಡುತ್ತಾರೆ?

ಕೈರಂಪಣಿ, ಹೊನ್ನಾವರ

ಬಂಗುಡೆ ಬುಟ್ಟಿಗೆ, ಪ್ಲಾಸ್ಟಿಕ್ ಮತ್ತೆ ನೀರಿಗೆ. ದಡಕ್ಕೆ ತಂದರೆ ಇಡುವ ಜಾಗ ಬೇಕಲ್ಲ. ಮೀನು ಇಳಿಸುವ ಗಡಿಬಿಡಿಯಲ್ಲಿ ಕಸದ ಮೂಟೆ ಹೊತ್ತುಕೊಂಡು ಯಾರು ತಿರುಗುತ್ತಾರೆ? ಕೇರಳದ ಕೊಲ್ಲಂ ಹತ್ತಿರ ನೀಂಡಕರ ಬಂದರಿನಲ್ಲಿ 2017ರಲ್ಲಿ ಒಂದು ವ್ಯವಸ್ಥೆ ಶುರು ಮಾಡಿದರು. ಬೋಟಿಗೆ ಚೀಲ ಕೊಟ್ಟರು. ಬಲೆಯಲ್ಲಿ ಬಂದ ಪ್ಲಾಸ್ಟಿಕ್ ತುಂಬಿ ತಂದರೆ ಬಂದರಿನಲ್ಲೇ ತೊಳೆದು, ಚೂರು ಮಾಡಿ, ರಸ್ತೆಯ ಡಾಂಬರಿಗೆ ಸೇರಿಸಲು ಕೊಡುತ್ತಿದ್ದರು. ತೊಳೆಯುವ ಕೆಲಸ ಮೀನುಗಾರ ಹೆಂಗಸರಿಗೆ ಸಿಕ್ಕಿತು. ನಮ್ಮಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳು ನಿಂತಿರುತ್ತವೆ, ಎಲ್ಲರೂ ದಡದಲ್ಲಿ ಬಲೆ ಸರಿ ಮಾಡುತ್ತಾ ಕೂತಿರುತ್ತಾರೆ. ಕತ್ತರಿಸಿದ ತುಂಡು ಹಾಕಲು ಆ 61 ದಿನವಾದರೂ ಬಂದರಿನಲ್ಲಿ ಒಂದು ದೊಡ್ಡ ಡಬ್ಬ ಇಡಬಹುದು. ಅದಕ್ಕೆ ಯಾವ ಯೋಜನೆಯೂ ಬೇಡ.

ಸಂತೆಪೇಟೆ ಕಿರಾಣಿ, ಶಿರಸಿ ಹತ್ತಿರ

ಸ್ಯಾಶೆ ಬಿಡಿ ಅಂತ ಸುಲಭವಾಗಿ ಬರೆದಿರಿ. ನಮ್ಮ ಅಂಗಡಿಗೆ ಸಂಜೆ ಕೂಲಿ ಮುಗಿಸಿ ಬರುವವರು ಎರಡು ರೂಪಾಯಿ ಶಾಂಪೂ, ಐದು ರೂಪಾಯಿ ಎಣ್ಣೆ, ಹತ್ತು ರೂಪಾಯಿ ಸೋಪಿನ ಪುಡಿ ಕೇಳುತ್ತಾರೆ. ಇನ್ನೂರು ರೂಪಾಯಿ ಬಾಟಲಿ ಒಟ್ಟಿಗೆ ಕೊಳ್ಳಲು ಅವರ ಕೈಯಲ್ಲಿ ದುಡ್ಡಿರಲ್ಲ. ನಿಮ್ಮ ಮನೆಯಲ್ಲಿ ಬಿಡಿ, ಬೇಡ ಅನ್ನಲ್ಲ. ಅವರಿಗೆ ಉಪದೇಶ ಮಾಡಬೇಡಿ.

ಮೊದಲು ನಮ್ಮಪ್ಪ ಎಣ್ಣೆಯನ್ನು ಪೀಪಾಯಿಯಿಂದ ಅಳೆದು ಅವರ ಸೀಸೆಗೇ ಹಾಕುತ್ತಿದ್ದರು. ಬೆಲ್ಲಕ್ಕೆ ಕಾಗದ. ಈಗ ಕಂಪನಿಯವರು ಮಾಲು ಕೊಡುವುದೇ ಮಾಲೆ ಕಟ್ಟಿದ ಸ್ಯಾಶೆಯಲ್ಲಿ. ನಾನು ಬೇಳೆ, ಅಕ್ಕಿ, ಸಕ್ಕರೆ ಈಗಲೂ ಮೂಟೆಯಿಂದ ತೂಗಿ ಕೊಡುತ್ತೇನೆ. ಡಬ್ಬಿ ತಂದವರಿಗೆ ಡಬ್ಬಿಗೆ. ಡಬ್ಬಿ ತರುವವರು ಎಷ್ಟು ಜನ ಅಂತ ಕೇಳಬೇಡಿ, ನಗು ಬರುತ್ತದೆ.

ಒಗ್ಗರಣೆ, ಮೈಸೂರು

ಅಂಗಡಿಯಣ್ಣನ ಮಾತಿಗೆ ನನ್ನದೂ ಓಟು. ನಾನು ಮನೆಯೊಳಗಿನದ್ದು ಮಾತ್ರ ಬರೆಯುತ್ತೇನೆ.

ನಮ್ಮ ಬೀದಿಯ ಗುಜರಿಯವರನ್ನೇ ನಿಲ್ಲಿಸಿ ಕೇಳಿದೆ, ಏನು ತಗೋತೀರಿ ಏನು ತಗೊಳ್ಳಲ್ಲ ಅಂತ. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ ಇಟ್ಟರೆ ಸಂತೋಷವಾಗಿ ತಗೋತಾರೆ. ಚಿಪ್ಸ್ ಕವರ್ ಬೇಡ. ಹೋಟೆಲ್ ಪಾರ್ಸಲಿನ ಕಪ್ಪು ಡಬ್ಬಿ ಬೇಡ. ಪೇಪರ್ ಲೋಟ ಬೇಡ. ಟೂತ್‌ಪೇಸ್ಟ್ ಟ್ಯೂಬ್ ಬೇಡ. ಸಾಂಬಾರ್, ಚಟ್ನಿ ಕಟ್ಟಿದ ತೆಳು ಕವರು ಅಂತೂ ಮುಟ್ಟಲ್ಲ.

ಹಾಲಿನ ಪ್ಯಾಕೆಟ್ಟಿನ ಮೂಲೆ ವಿಷಯ. ಕತ್ತರಿಯನ್ನು ಪೂರ್ತಿ ಓಡಿಸಬೇಡಿ. ಮುಕ್ಕಾಲು ಕತ್ತರಿಸಿ ನಿಲ್ಲಿಸಿದರೆ ಹಾಲು ಆರಾಮವಾಗಿ ಬರುತ್ತದೆ, ಮೂಲೆ ಪ್ಯಾಕೆಟ್ಟಿಗೇ ಅಂಟಿಕೊಂಡಿರುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ನಮ್ಮ ಅತ್ತೆಗೆ ಮಾತ್ರ ಈಗಲೂ ಆ ಚೂರು ಕಿತ್ತು ಸಿಂಕಿಗೆ ಹಾಕದೆ ಸಮಾಧಾನ ಇಲ್ಲ.

ಪೇಪರ್ ಲೋಟ ಪೇಪರ್ ಅಂತ ನಂಬಬೇಡಿ. ಒಳಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ, ಇಲ್ಲದಿದ್ದರೆ ಟೀ ಸೋರಿಹೋಗುತ್ತಿತ್ತು. ಐಐಟಿ ಖರಗಪುರದವರು 2020ರಲ್ಲಿ ನೋಡಿದ ಪ್ರಕಾರ, 100 ಎಂಎಲ್ ಬಿಸಿನೀರು 15 ನಿಮಿಷ ಅದರಲ್ಲಿದ್ದರೆ ಸುಮಾರು 25,000 ಪ್ಲಾಸ್ಟಿಕ್ ಕಣ ಬಿಡುತ್ತದೆ. ಗಾಜಿನ ಲೋಟದಲ್ಲಿ ಕೊಡುವ ಟೀ ಅಂಗಡಿ ಇನ್ನೂ ಇವೆ, ಅಲ್ಲಿಗೇ ಹೋಗುವುದು.

ಹಳೇಸೀರೆ, ಧಾರವಾಡ

ತಾಂಬೂಲದ ಚೀಲದ ಬಗ್ಗೆ ಯಾರೂ ಯಾಕೆ ಮಾತಾಡ್ತಿಲ್ಲ? ಮದುವೆ, ಗೃಹಪ್ರವೇಶ, ಸೀಮಂತ ಅಂತ ಹೋದಲ್ಲೆಲ್ಲ ತೆಂಗಿನಕಾಯಿ ಹಾಕಿ ಕೊಡುವ ಕೆಂಪು, ಹಳದಿ ಚೀಲ. ಬಟ್ಟೆ ಚೀಲ ಅಂತ ಹೇಳಿ ಕೊಡ್ತಾರೆ. ಅದು ಬಟ್ಟೆಯಲ್ಲ, ಪಾಲಿಪ್ರಾಪಿಲೀನ್. ಅಂಚು ಹಿಡಿದು ನೂಲು ಎಳೆದು ನೋಡಿ. ನೇಯ್ದ ಬಟ್ಟೆಯಾದರೆ ಒಂದೊಂದೇ ಎಳೆ ಬಿಡಿಸಿಕೊಂಡು ಬರುತ್ತದೆ. ಇದರಲ್ಲಿ ಎಳೆಯೇ ಇಲ್ಲ, ಬೆಳಕಿಗೆ ಹಿಡಿದರೆ ಕಾಯಿಸಿ ಒತ್ತಿದ ಸಣ್ಣ ಸಣ್ಣ ಚುಕ್ಕಿ ಕಾಣುತ್ತದೆ. ಬಾಲ್ಕನಿಯಲ್ಲಿ ಬಿಸಿಲಿಗೆ ನೇತುಹಾಕಿದ ಚೀಲವನ್ನು ಕೆಲವು ತಿಂಗಳು ಬಿಟ್ಟು ಮುಟ್ಟಿದರೆ ಬೆರಳಲ್ಲೇ ಪುಡಿಪುಡಿ. ಆ ಪುಡಿ ಗಾಳಿಗೆ ಹಾರಿ, ಮಳೆಗೆ ಹರಿದು, ನಿಮ್ಮ ಅಳಿವೆಗೇ ಬರೋದು.

ಕಾನೂನು ಇಲ್ಲ ಅಂತಲ್ಲ. ಕರ್ನಾಟಕದಲ್ಲಿ 2016ರಲ್ಲೇ ಕ್ಯಾರಿಬ್ಯಾಗ್, ತಟ್ಟೆ, ಲೋಟಕ್ಕೆಲ್ಲ ನಿಷೇಧ ಬಂತು. ಕೇಂದ್ರದವರು 2021ರ ಸೆಪ್ಟೆಂಬರ್ 30ರಿಂದ 60 ಜಿಎಸ್‌ಎಂಗಿಂತ (ಅಂದ್ರೆ ಚದರ ಮೀಟರಿಗೆ 60 ಗ್ರಾಂಗಿಂತ) ತೆಳುವಾದ ಈ ತಾಂಬೂಲದಂಥ ಚೀಲಗಳನ್ನು ನಿಲ್ಲಿಸಿದರು. ಅಂದ್ರೆ ದಪ್ಪ ಮಾಡಿ ಮಾರಬಹುದು. 2022ರ ಜುಲೈ 1ರಿಂದ ಸ್ಟ್ರಾ, ಚಮಚ, ಸ್ವೀಟ್ ಬಾಕ್ಸಿನ ಮೇಲೆ ಸುತ್ತುವ ಹಾಳೆ, ಇಯರ್‌ಬಡ್ ಕಡ್ಡಿ ಎಲ್ಲ ಬಂದ್. ಆ ಪಟ್ಟಿಯಲ್ಲಿ ಸ್ಯಾಶೆ ಇಲ್ಲ, ಚಿಪ್ಸ್ ಕವರ್ ಇಲ್ಲ. ಗುಟ್ಕಾವನ್ನು ಪ್ಲಾಸ್ಟಿಕ್ ಸ್ಯಾಶೆಯಲ್ಲಿ ಮಾರಬಾರದು ಅಂತ 2011ರಿಂದಲೇ ಇದೆ. ಅದರ ಗತಿ ಗೋಡೆ ಮೇಲೆ, ರಸ್ತೆ ಮೇಲೆ ಕಾಣ್ತದಲ್ಲ.

ಪೀಣ್ಯಮೋಲ್ಡರ್, ಬೆಂಗಳೂರು

ಅಕ್ಕಾ, ಹತ್ತಿ ಚೀಲ ಹಂಚಿದರೂ ಗೆದ್ದ ಹಾಗಲ್ಲ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಒಂದು ಲೆಕ್ಕ ಮಾಡಿಸಿತ್ತು. ಹವಾಮಾನದ ಪರಿಣಾಮ ಒಂದನ್ನೇ ನೋಡಿದರೂ ಹೊಸ ಹತ್ತಿ ಚೀಲವನ್ನು 52 ಸಲ ಬಳಸಿದರೆ ಮಾತ್ರ ಪ್ಲಾಸ್ಟಿಕ್ ಚೀಲಕ್ಕೆ ಸಮ. ಎಲ್ಲ ಬಗೆಯ ಪರಿಣಾಮ ಸೇರಿಸಿದರೆ 7,100 ಸಲ. ಒಂದೊಂದು ಮದುವೆಯಲ್ಲಿ ಒಂದೊಂದು ಚೀಲ ಬಂದು ಅಟ್ಟ ಸೇರಿದರೆ ಯಾರು ಅಷ್ಟು ಸಲ ಬಳಸುತ್ತಾರೆ?

ಹಳೇಸೀರೆ, ಧಾರವಾಡ

ಆ ಲೆಕ್ಕ ನಾನೂ ಓದಿದ್ದೇನೆ ತಮ್ಮಾ. ಅದರಲ್ಲಿ ಕಡಲಿಗೆ ಸೇರುವ ಕಸದ ಖಾನೆಯೇ ಇಲ್ಲ. ಡೆನ್ಮಾರ್ಕಿನಲ್ಲಿ ಚೀಲ ಕಸದ ಬುಟ್ಟಿಗೆ ಹೋಗುತ್ತೆ ಅಂತ ಇಟ್ಟುಕೊಂಡು ಹಾಕಿದ ಲೆಕ್ಕ ಅದು. ನಮ್ಮ ಚರಂಡಿಗೆ ಹೊಂದಲ್ಲ. ಹೊಸ ಬಟ್ಟೆ ಬೇಡ ಅನ್ನೋದು ಮಾತ್ರ ಖರೆ. ನನ್ನ ಹೆಸರೇ ಹಳೇಸೀರೆ ಅಂತ ಇಟ್ಕೊಂಡಿದ್ದು ಅದಕ್ಕೇ. ಹಳೆ ಕಾಟನ್ ಸೀರೆ, ಪಂಚೆ, ಬೆಡ್‌ಶೀಟು ಇದ್ದರೆ ಓಣಿಯ ಟೇಲರ್ ಹತ್ತಿರ ಚೀಲ ಹೊಲಿಸಬಹುದು. ಹಿಡಿಕೆಗೆ ಸೀರೆಯ ಅಂಚು ಹಾಕಿಸಿ, ಗಟ್ಟಿ ಇರುತ್ತೆ.

ಯಾಕ್ರೀಬೇಕು, ಬೆಂಗಳೂರು

ಮೂಲೆ ಕತ್ತರಿಸಬೇಡಿ, ಸೀರೆ ಹೊಲಿಸಿ, ಡಬ್ಬಿ ಒಯ್ಯಿರಿ. ಎಲ್ಲ ಕೆಲಸ ಜನರಿಗೇ, ಅದರಲ್ಲೂ ಹೆಂಗಸರಿಗೆ. ಕಂಪನಿಯವರು ಆರಾಮವಾಗಿದ್ದಾರೆ. 2025ರ ಮೇ 25ರಂದು ಕೊಚ್ಚಿ ಆಚೆ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿತು. ಕೇರಳದ ದಡಕ್ಕೆ ಚೀಲಗಟ್ಟಲೆ ಪ್ಲಾಸ್ಟಿಕ್ ಹರಳು ಬಂದು ಬಿತ್ತು. ನಾನು ಜೀವಮಾನವಿಡೀ ಚೀಲ ಒಯ್ದರೂ ಆ ಒಂದು ಕಂಟೇನರಿಗೆ ಸಮ ಆಗುತ್ತಾ?

ಪೀಣ್ಯಮೋಲ್ಡರ್, ಬೆಂಗಳೂರು

ಆಗಲ್ಲ. ಆ ಹರಳು ನಮಗೆ ಫ್ಯಾಕ್ಟರಿಗೆ 25 ಕಿಲೋ ಚೀಲದಲ್ಲಿ ಬರುವ ಕಚ್ಚಾ ಮಾಲು, ನಾವು ದಾನಾ ಅನ್ನುತ್ತೇವೆ. ಮಸೂರ ಬೇಳೆಯಷ್ಟು ದೊಡ್ಡದು. ಮರಳಲ್ಲಿ ಬಿದ್ದರೆ ಹೆಕ್ಕಿ ಮುಗಿಯಲ್ಲ. 2021ರಲ್ಲಿ ಕೊಲಂಬೊ ಹತ್ತಿರ ಎಕ್ಸ್-ಪ್ರೆಸ್ ಪರ್ಲ್ ಹಡಗಿನಿಂದ ಸುಮಾರು 1,680 ಟನ್ ಹೀಗೇ ಚೆಲ್ಲಿತ್ತು.

ಕಂಪನಿಗಳ ಮೇಲೆ ಕಾನೂನು ಇದೆ. ಎಷ್ಟು ಪ್ಯಾಕಿಂಗ್ ಮಾರುಕಟ್ಟೆಗೆ ಬಿಡುತ್ತಾರೋ ಅದಕ್ಕೆ ತಕ್ಕಷ್ಟು ವಾಪಸ್ ಸಂಗ್ರಹಿಸಿ ಮರುಬಳಕೆ ಮಾಡಿಸಿದ ಸರ್ಟಿಫಿಕೇಟ್ ತೋರಿಸಬೇಕು. 2022ರ ಫೆಬ್ರವರಿಯಲ್ಲಿ ನಿಯಮ ಬಿಗಿ ಮಾಡಿದರು. ಮರುವರ್ಷ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ಲಕ್ಷಗಟ್ಟಲೆ ನಕಲಿ ಸರ್ಟಿಫಿಕೇಟ್ ಹಿಡಿಯಿತು. ಹಾಗಾಗಿ ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ಆದರೆ ಇದು ಅಥವಾ ಅದು ಅಂತ ಯಾಕೆ? ಚಿಪ್ಸ್ ಕವರ್ ಯಾರೂ ಕೊಳ್ಳದ ಕಸ ಅಂತ ಜನಕ್ಕೆ ಗೊತ್ತಾದರೆ ತಾನೆ ಕಂಪನಿಯನ್ನು ಕೇಳೋದು.

ಹಸಿಮೆಣಸು, ಸ್ಟುಟ್‌ಗಾರ್ಟ್

ಇಲ್ಲಿ ಜರ್ಮನಿಯಲ್ಲಿ 2003ರಿಂದ ಒಮ್ಮೆ ಬಳಸಿ ಬಿಡುವ ಬಾಟಲಿಗೆ 25 ಸೆಂಟ್ ಠೇವಣಿ. ಅಂಗಡಿಯ ಮಿಷಿನ್ನಿಗೆ ಹಾಕಿದರೆ ಚೀಟಿ ಬರುತ್ತದೆ, ಬಿಲ್ಲಿನಲ್ಲಿ ಕಳೆಯುತ್ತಾರೆ. ಬೀದಿಯಲ್ಲಿ ಬಾಟಲಿ ಬಿದ್ದರೆ ಹೆಚ್ಚು ಹೊತ್ತು ಇರಲ್ಲ, ಯಾರೋ ಎತ್ತಿಕೊಳ್ಳುತ್ತಾರೆ. ಗುಜರಿ ಸಿದ್ಧಾಂತ ಇಲ್ಲೂ ಅದೇ, ಬೆಲೆ ಸರ್ಕಾರ ಇಟ್ಟಿದೆ ಅಷ್ಟೇ.

ಒಗ್ಗರಣೆ, ಮೈಸೂರು

ನಮ್ಮ ಪಕ್ಕದ ನೀಲಗಿರಿಯಲ್ಲೂ ಇದೆಯಲ್ಲ. ಸರ್ಕಾರಿ ಮದ್ಯದಂಗಡಿಯಲ್ಲಿ 2022ರಿಂದ ಬಾಟಲಿಗೆ 10 ರೂಪಾಯಿ ಜಾಸ್ತಿ ತಗೊಂಡು, ಖಾಲಿ ವಾಪಸ್ ಕೊಟ್ಟರೆ ಹಿಂದಿರುಗಿಸುತ್ತಾರೆ. ಕಾಡಲ್ಲಿ ಒಡೆದ ಗಾಜು ಆನೆ ಕಾಲಿಗೆ ಚುಚ್ಚುತ್ತದೆ ಅಂತ ಶುರುವಾಗಿದ್ದು. ಬಂಡೀಪುರ ದಾಟಿ ಊಟಿಗೆ ಹೋಗುವಾಗ ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಯನ್ನೂ ತೆಗೆಸುತ್ತಾರೆ. ಸಿಟ್ಟು ಮಾಡಿಕೊಂಡು ಇಳಿಸಿದವರೇ ವಾಪಸ್ ಬರುವಾಗ ಸ್ಟೀಲ್ ಬಾಟಲಿ ಹಿಡಿದಿರುತ್ತಾರೆ.

ಸಂತೆಪೇಟೆ ಕಿರಾಣಿ, ಶಿರಸಿ ಹತ್ತಿರ

ಸ್ಯಾಶೆಗೂ ಒಂದು ಐವತ್ತು ಪೈಸೆ ಹಾಗೆ ಇಡಲಿ. ನನ್ನ ಅಂಗಡಿಗೇ ವಾಪಸ್ ತರಲಿ, ಕಂಪನಿಯ ವ್ಯಾನು ಮಾಲು ಇಳಿಸಿ ಖಾಲಿ ಹೋಗುವಾಗ ತುಂಬಿಕೊಂಡು ಹೋಗಲಿ. ನಾನು ಎಣಿಸಿಕೊಡಲು ತಯಾರು.

ಹಳೇಸೀರೆ, ಧಾರವಾಡ

ಒಂದು ಸಹಾಯ ಬೇಕಿತ್ತು. ಮಗನ ಮದುವೆ ಬೆಂಗಳೂರಿನಲ್ಲಿ. ಕೇಟರಿಂಗಿನವರು ಪ್ರತಿ ಎಲೆಗೆ ಒಂದು ಸಣ್ಣ ನೀರಿನ ಬಾಟಲಿ ಇಡುತ್ತೇವೆ ಅಂತಾರೆ. ಅರ್ಧ ಕುಡಿದು ಬಿಟ್ಟು ಹೋಗ್ತಾರೆ, ನನಗೆ ನೋಡೋಕಾಗಲ್ಲ. ಸ್ಟೀಲ್ ಲೋಟ ಎಲ್ಲಿ ಸಿಗುತ್ತೆ?

ಒಗ್ಗರಣೆ, ಮೈಸೂರು

ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆಯವರ ಪ್ಲೇಟ್ ಬ್ಯಾಂಕ್ ಇದೆ, ತಟ್ಟೆ, ಲೋಟ, ಚಮಚ ಕೊಡುತ್ತಾರೆ, ತೊಳೆದು ವಾಪಸ್ ಕೊಡಬೇಕು. ಬೇಗ ಹೇಳಿಡಿ, ಲಗ್ನದ ದಿನಗಳಲ್ಲಿ ಬೇಡಿಕೆ ಜಾಸ್ತಿ. ಕೇಟರಿಂಗಿನವರ ಹತ್ತಿರ ನೀರು ಬಡಿಸಲು ಇಬ್ಬರು ಹುಡುಗರು ಜಾಸ್ತಿ ಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಬಾಟಲಿ ಇಡುವುದೇ ಆ ಇಬ್ಬರ ಸಂಬಳ ಉಳಿಸಲು.

ಹಳೇಸೀರೆ, ಧಾರವಾಡ

ಸರಿ, ನಾಳೆಯೇ ಫೋನ್ ಮಾಡ್ತೇನೆ. ತಾಂಬೂಲಕ್ಕೆ ಚೀಲ ಬೇಡ, ಕಾಯಿ ಕೈಗೇ ಕೊಡೋಣ ಅಂದ್ರೆ ಬೀಗರು ಏನಂತಾರೋ.

ಬೆಣ್ಣೆದೋಸೆ, ದಾವಣಗೆರೆ

ಎಲೆ ಅಡಿಕೆ ಕಾಯಿ ಕೈಗೇ ಕೊಡಿ ಅಕ್ಕಾ. ಚೀಲ ಬೇಕು ಅಂದವರಿಗೆ ಮನೆಯಿಂದ ತರಬೇಕಿತ್ತು ಅನ್ನಿ. ಬೈಯುವವರು ಹೆಂಗೂ ಊಟಕ್ಕೂ ಬೈತಾರೆ.